ನಂದಾದೇವಿಯ ಕೋಟೆಯೂ ಅದನ್ನು ಹೊಕ್ಕವರೂ

ಕಳೆದ ಬೇಸಿಗೆಯಲ್ಲಿ ಶಾಲೆಯನ್ನು ರಜೆಗೆ ಮುಚ್ಚುವುದಕ್ಕೆ ಎರಡು ದಿನ ಮುಂಚೆ, ನಮ್ಮ ಹಳೆಯ ವಿದ್ಯಾರ್ಥಿನಿಯೊಬ್ಬಳ ತಂದೆಯವರು ಒಂದು ಅರ್ಜಿಯ ಕಾಗದವನ್ನು ಕೈಯಲ್ಲಿ ಹಿಡಿದುಕೊಂಡು ನಮ್ಮ ಕಚೇರಿಗೆ ಬಂದರು. ಅವರ ಮಗಳು ಈಗ ಕಾಲೇಜಿನಲ್ಲಿ ಓದುತ್ತಿರುವಳು. ಹಿಮಾಲಯದಲ್ಲಿ ಪರ್ವತಾರೋಹಣವನ್ನು ಕಲಿಸುವ ಒಂದು ಶಾಲೆಗೆ ಸುಮಾರು ಒಂದು ತಿಂಗಳ ತರಬೇತಿಗಾಗಿ ಹೋಗಬೇಕೆಂದು ಅವಳ ಹಟ. ಅರ್ಜಿಯೊಂದಿಗೆ ಅವಳ ಗುಣನಡತೆಯನ್ನು ಬಲ್ಲವರೊಬ್ಬರ ಪತ್ರವೂ ಬೇಕಾಗಿತ್ತು. "ಅಮ್ಮನವರೇ, ನಾನು ಬೇಡವೆಂದರೆ ಅವಳು ಕೇಳಲಾರಳು, ತಾವು ಬೇಡವೆಂದರೆ ಕೇಳುವಳು. ಅದಕ್ಕೇ ಬಂದೆ" ಎಂದು ಅವರು ಮುಚ್ಚುಮರೆಯಿಲ್ಲದೆ ಹೇಳಿದರು. 2022ನೆಯ ಇಸವಿಯ ಅಕ್ಟೋಬರ್ 4ರಂದು 'ದ್ರೌಪದೀ ಕಾ ಡಾಂಡಾ' ಎಂಬ ಶಿಖರದ ಮೇಲೆ ತರಬೇತಿಯ ತಂಡವೊಂದರ ಮೇಲೆ ಹಿಮರಾಶಿಯು ಕುಸಿದು 25ಕ್ಕೂ ಹೆಚ್ಚು ಮಂದಿ ಅಳಿದುದನ್ನು ಅವರು ಪತ್ರಿಕೆಯಲ್ಲಿ ಓದಿದ್ದರು. ಸತ್ತವರಲ್ಲಿ ನಮ್ಮ ಕರ್ನಾಟಕದ ಮಕ್ಕಳೂ ಇದ್ದರು.

ಹಿಂದೊಮ್ಮೆ ಇಂಥದೇ ಕೇಳಿಕೆಯೊಂದು ಬೇರೊಬ್ಬ ಹುಡುಗಿಯಿಂದ ಬಂದಿತ್ತು. ಆಗ ನಾವು ಕ್ಷಣವೂ ಯೋಚಿಸದೆ ಬೇಡವೆಂದಿದ್ದೆವು. ಆ ಹುಡುಗಿ ನಮ್ಮನ್ನು ದೂರಲಿಲ್ಲ. ಆದಾಗ್ಯೂ ಆ ಮಾತನ್ನು ಯಾವ ತಿಳಿವಳಿಕೆಯಿಂದ ಹೇಳಿದೆವೆಂದು ನಮ್ಮನ್ನು ನಾವೇ ಕೇಳಿಕೊಂಡಾಗಲೆಲ್ಲ ನಮಗೆ ಉತ್ತರವು ದೊರೆತದ್ದಿಲ್ಲ. ಆದಕಾರಣ ಈ ಸಾರಿ ತಂದೆಯವರಲ್ಲಿ ಎಂಟು ದಿನಗಳ ಅವಕಾಶವನ್ನು ಬೇಡಿದೆವು. ಅವರ ಮಗಳು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಭೂಗೋಳದ ಪಾಠಕ್ಕೆಂದು ನಂದಾದೇವಿಯ ನಕ್ಷೆಯನ್ನು ಬರೆದು ತಂದಿದ್ದಳು. ಆ ಹಟದ ಬೀಜವು ಅಲ್ಲಿಯೇ ಬಿದ್ದಿತೆಂದು ಕಾಣುತ್ತದೆ. ಹೀಗಿರಲು ಆ ಒಂದು ಪರ್ವತದ ವಿಷಯವನ್ನೇ ಆದಿಯಿಂದ ಓದಿ ನೋಡಿದೆವು. ಓದಿ ತಿಳಿದುದನ್ನು ಈ ಸಂಚಿಕೆಯ ಮೂಲಕ ನಮ್ಮ ಹಳೆಯ ವಿದ್ಯಾರ್ಥಿನಿಯರ ಮುಂದೆಯೂ ತಂದೆತಾಯಿಗಳ ಮುಂದೆಯೂ ಇಡುತ್ತೇವೆ.

ನಂದಾದೇವಿಯು ಉತ್ತರಾಖಂಡದ ಗಢವಾಲ ಸೀಮೆಯಲ್ಲಿ ಇದೆ. ಎತ್ತರವು 7,816 ಮೀಟರು, ಎಂದರೆ 25,643 ಅಡಿ. ಇದಕ್ಕಿಂತ ಎತ್ತರವಾದ ಕಾಂಚನಗಂಗೆಯು ನೇಪಾಳದ ಗಡಿಯ ಮೇಲೆ ನಿಂತಿರುವುದರಿಂದ, ಪೂರ್ಣವಾಗಿ ಭಾರತದ ಒಳಗೇ ಇರುವ ಶಿಖರಗಳಲ್ಲಿ ಇದೇ ಅತ್ಯುನ್ನತವೆಂದು ಎಣಿಸುವ ವಾಡಿಕೆಯುಂಟು. ನಮ್ಮ ನಾಡಿನ ಅತಿ ಎತ್ತರದ ಮುಳ್ಳಯ್ಯನಗಿರಿಯನ್ನು ಒಂದರ ಮೇಲೊಂದರಂತೆ ನಾಲ್ಕು ಸಾರಿ ಏರಿಸಿಟ್ಟರೆ ಹೆಚ್ಚು ಕಡಿಮೆ ಅದರ ಎತ್ತರವಾದೀತು. ಮುಖ್ಯ ಶಿಖರಕ್ಕೆ ಪೂರ್ವದಲ್ಲಿ 7,434 ಮೀಟರಿನ ತಂಗಿಯೊಂದಿದೆ. ಅದನ್ನು ಪೂರ್ವ ನಂದಾದೇವಿ ಎನ್ನುತ್ತಾರೆ.

ಆದರೆ ಎತ್ತರವೊಂದೇ ಈ ಪರ್ವತದ ಹೆಚ್ಚುಗಾರಿಕೆಯಲ್ಲ. ಅದು ಒಂದು ಕೋಟೆಯ ನಡುವೆ ನಿಂತಿದೆ. ಸುತ್ತಲೂ ಸುಮಾರು 70 ಮೈಲಿನಷ್ಟು ಉದ್ದವಾದ ಪರ್ವತಗಳ ಬಳೆ. ಆ ಬಳೆಯಲ್ಲಿ 21,000 ಅಡಿಗೆ ಮೀರಿದ ಶಿಖರಗಳೇ ಹನ್ನೆರಡರಷ್ಟು. ಪಡುವಣದ ಒಂದೇ ಒಂದು ಬಿರುಕನ್ನು ಬಿಟ್ಟರೆ ಆ ಗೋಡೆಯು ಎಲ್ಲಿಯೂ 18,000 ಅಡಿಗಿಂತ ಕೆಳಗೆ ಇಳಿಯುವುದಿಲ್ಲವೆಂದು ಹೇಳಬಹುದು. ಆ ಬಿರುಕಿನಿಂದ ಹೊರಬೀಳುವ ಹೊಳೆಯೇ ಋಷಿಗಂಗೆ.

ಆ ಹೊಳೆಗೆ ನೀರು ಎಲ್ಲಿಂದ ಬರುವುದೆಂಬದನ್ನು ಇಲ್ಲಿ ಸ್ವಲ್ಪ ವಿವರಿಸಬೇಕು. ನಮ್ಮ ಸೀಮೆಯ ಮಕ್ಕಳಿಗೆ ಹಿಮನದಿಯೆಂದರೆ ಮೇಲೆ ಹಿಮವು ತೇಲುವ ನದಿಯೆಂದೇ ಭಾವನೆ. ಅತಿ ಎತ್ತರದಲ್ಲಿ ಬಿದ್ದ ಹಿಮವು ಬೇಸಿಗೆಯಲ್ಲಿಯೂ ಪೂರ್ತಿಯಾಗಿ ಕರಗುವುದಿಲ್ಲ. ಮರುವರ್ಷದ ಹಿಮವು ಅದರ ಮೇಲೆ ಬೀಳುತ್ತದೆ. ಹೀಗೆ ವರುಷ ವರುಷವೂ ಹೊರೆಯೇರಿ ಕೆಳಗಿನ ಪದರಗಳು ಅದುಮಲ್ಪಟ್ಟು, ಹತ್ತಿಯಂತಿದ್ದುದು ಕಲ್ಲಿನಂಥ ಮಂಜುಗಡ್ಡೆಯಾಗುತ್ತದೆ. ಆ ಗಡ್ಡೆಯು ತನ್ನ ಭಾರದಿಂದಲೇ ಇಳಿಜಾರಿನ ಕಡೆಗೆ, ತಣಿಯುತ್ತಿರುವ ಬೆಲ್ಲದ ಪಾಕವು ತಟ್ಟೆಯಲ್ಲಿ ಹರಿಯುವಂತೆ, ಕಣ್ಣಿಗೆ ಕಾಣದಷ್ಟು ಮೆಲ್ಲಗೆ ಸರಿಯುತ್ತದೆ. ಕೆಳಗಣ ಬಂಡೆಯು ಉಬ್ಬಿದಲ್ಲಿ ಮೇಲಿನ ಗಡ್ಡೆಯು ಬಿರಿದು ಆಳವಾದ ಕಂದರಗಳಾಗುತ್ತವೆ. ಹೊಸ ಹಿಮವು ಆ ಬಾಯಿಗಳನ್ನು ತೆಳ್ಳಗೆ ಮುಚ್ಚಿಬಿಡುವುದರಿಂದ, ಹಿಮನದಿಯ ಮೇಲೆ ನಡೆಯುವವರು ಒಬ್ಬರಿಗೊಬ್ಬರು ಹಗ್ಗದಿಂದ ಕಟ್ಟಿಕೊಂಡೇ ನಡೆಯಬೇಕು. ಒಬ್ಬರು ಬಿದ್ದರೆ ಉಳಿದವರು ಹಿಡಿದೆತ್ತುವರು. ನಂದಾದೇವಿಯ ಬುಡದಲ್ಲಿ ಉತ್ತರಕ್ಕೊಂದು ದಕ್ಷಿಣಕ್ಕೊಂದು ದೊಡ್ಡ ಹಿಮನದಿಗಳಿವೆ. ಅವುಗಳ ಕರಗಿದ ನೀರೇ ಋಷಿಗಂಗೆಯ ಮೂಲ.

ಗಢವಾಲ ಕುಮಾವೂಗಳ ಜನರು ಈ ಪರ್ವತವನ್ನು ದೇವಿಯೆಂದು ಪೂಜಿಸುತ್ತಾರೆ; ಅವಳನ್ನು ತಮ್ಮೂರಿನ ಮಗಳೆಂದೂ ಭಾವಿಸುತ್ತಾರೆ. ಸುಮಾರು ಹನ್ನೆರಡು ವರುಷಗಳಿಗೊಮ್ಮೆ ನೌಟಿ ಎಂಬ ಹಳ್ಳಿಯಿಂದ ಹೊರಟು, ನಾಲ್ಕು ಕೊಂಬಿನ ಟಗರನ್ನು ಮುಂದಿಟ್ಟುಕೊಂಡು, ಹೋಮಕುಂಡದ ವರೆಗೆ ಅವಳನ್ನು ಗಂಡನ ಮನೆಗೆ ಕಳುಹಿಸುವ ಯಾತ್ರೆಯನ್ನು ನಡೆಸುತ್ತಾರೆ. 2014ರಲ್ಲಿಯೂ ಅದು ನಡೆಯಿತು. ಮಗಳನ್ನು ತವರಿನಿಂದ ಬೀಳ್ಕೊಡುವ ತಾಯಂದಿರ ಅಳಲು ಯಾವ ನಾಡಿನಲ್ಲಿಯೂ ಒಂದೇ ಎಂಬದನ್ನು ನಮ್ಮ ವಾಚಕರಿಗೆ ಹೇಳಬೇಕಾದುದಿಲ್ಲ.

ಪರ್ವತವನ್ನು ಏರುವ ಮಾತು ಹಾಗಿರಲಿ. ಅದರ ಬುಡವನ್ನು ಮುಟ್ಟುವುದಕ್ಕೇ ಐವತ್ತು ವರುಷಗಳಷ್ಟು ಕಾಲ ಹಿಡಿಯಿತು. 1883ರಲ್ಲಿ ಗ್ರಹಾಮ್ ಎಂಬವನು ಋಷಿಗಂಗೆಯ ಕಂದರದಲ್ಲಿ ನುಗ್ಗಲು ಹೋಗಿ ಹಿಂದಿರುಗಿದನು. 1905ರಲ್ಲಿ ಲಾಂಗ್‌ಸ್ಟಾಫ್ ಎಂಬ ವೈದ್ಯನು ಮೂಡಣ ಪಾರ್ಶ್ವದಿಂದ ಗೋಡೆಯನ್ನೇರಿ, 19,000 ಅಡಿಗೂ ಮೇಲಿನ ಒಂದು ಕಣಿವೆಯ ತಲೆಯಲ್ಲಿ ನಿಂತು, ಮನುಷ್ಯರು ಕಾಲಿಡದ ಆ ಒಳನಾಡನ್ನು ಕಣ್ಣಾರೆ ಕಂಡನು. ಆದರೆ ಅಲ್ಲಿಂದ ಒಳಕ್ಕೆ ಇಳಿಯಲಾರದೆ ಹೋದನು. ರಟ್‌ಲೆಡ್ಜ್ ಎಂಬ ಅಧಿಕಾರಿಯು 1932ರ ವರೆಗೆ ಮೂರು ಸಾರಿ ಯತ್ನಿಸಿ ಮೂರು ಸಾರಿಯೂ ಸೋತನು.

ಕೊನೆಗೆ ಆ ಬಾಗಿಲನ್ನು ತೆರೆದವರು ದೊಡ್ಡ ದಂಡನ್ನು ಕಟ್ಟಿಕೊಂಡು ಹೋದವರಲ್ಲ. 1934ರಲ್ಲಿ ಶಿಪ್ಟನ್ ಮತ್ತು ಟಿಲ್ಮನ್ ಎಂಬ ಇಬ್ಬರು ಆಂಗ್ಲೇಯರು, ಆಂಗ್ ಥಾರ್ಕೆ, ಪಾಸಾಂಗ್, ಕುಸಾಂಗ್ ಎಂಬ ಮೂವರು ಶೆರ್ಪಾಗಳು, ಒಟ್ಟು ಐದೇ ಜನರು. ಶೆರ್ಪಾಗಳು ಉಣ್ಣುವ ಹುರಿಹಿಟ್ಟನ್ನೇ ಅವರೂ ಉಂಡರು. ಶೆರ್ಪಾಗಳು ಹೊರುವ ಹೊರೆಯನ್ನು ಅವರೂ ಹೊತ್ತರು. ಕಂದರದ ಕೊನೆಯ ಕೆಲವು ಮೈಲುಗಳಲ್ಲಿ ಎರಡೂ ಕಡೆಯ ಬಂಡೆಗಳು ಗೋಡೆಯಂತೆ ನೆಟ್ಟಗೆ ನಿಂತಿವೆ. ಕೆಳಗೆ ಹಿಮದ ನೀರು ಮೊರೆಯುತ್ತದೆ. ಒಂದಷ್ಟು ದೂರ ಹೊರೆಯನ್ನು ಸಾಗಿಸಿ ಇಟ್ಟು, ಮರಳಿ ಬಂದು ಮತ್ತೊಂದಷ್ಟನ್ನು ಸಾಗಿಸಿ, ಆ ಕೊರೆಯುವ ನೀರನ್ನು ದಾಟುತ್ತಾ, ದಾರಿ ಮುಗಿದಲ್ಲಿ ಹಿಂದಿರುಗಿ ಬೇರೊಂದನ್ನು ಹುಡುಕುತ್ತಾ ಅವರು ಹೋದರು. ಎದುರಿಗೆ ಒಂದು ಬಂಡೆಯ ಚಾಚು ಅಡ್ಡವಾಗಿ ನಿಂತಿತ್ತು. ಇದನ್ನು ದಾಟಿದರೆ ಒಳನಾಡು ನಮ್ಮದು ಎಂದುಕೊಂಡು ಅವರು ಅದಕ್ಕೆ 'ಪಿಸ್ಗಾ' ಎಂಬ ಹೆಸರನ್ನಿಟ್ಟರು. ಮೋಶೆಯು ಪಿಸ್ಗಾದ ತುದಿಯಲ್ಲಿ ನಿಂತು ವಾಗ್ದತ್ತದೇಶವನ್ನು ದೂರದಿಂದ ಕಂಡ ಸಂಗತಿಯು ಧರ್ಮೋಪದೇಶಕಾಂಡದ ಕೊನೆಯ ಅಧ್ಯಾಯದಲ್ಲಿದೆ. ನಮಗೆ ತೋರುವಂತೆ ಆ ಹೆಸರು ಲಾಂಗ್‌ಸ್ಟಾಫನು ನಿಂತ ಕಣಿವೆಗೇ ಹೆಚ್ಚು ಒಪ್ಪುತ್ತಿತ್ತು. ಮೋಶೆಯು ಕಂಡನಲ್ಲದೆ ಒಳಗೆ ಹೋಗಲಿಲ್ಲ. ಈ ಐವರಾದರೋ ಹೋದರು.

ಒಳಗೆ ಅವರು ಕಂಡದ್ದು ಬರಿಯ ಹಿಮವಲ್ಲ. ಹುಲ್ಲುಗಾವಲುಗಳು, ಹೂಗಳು, ಮನುಷ್ಯರನ್ನು ಕಂಡರಿಯದ್ದರಿಂದ ಅಂಜದೆ ಮೇಯುತ್ತಿದ್ದ ಭರಲ್ ಎಂಬ ಕಾಡುಕುರಿಗಳು. ನಕ್ಷೆಯ ಕೆಲಸದಲ್ಲಿ ಉತ್ತರ ಭಾಗವನ್ನು ಮಳೆಗಾಲಕ್ಕೆ ಮುಂಚೆಯೂ ದಕ್ಷಿಣ ಭಾಗವನ್ನು ಆಮೇಲೂ ಮಾಡಿದರು. ದಕ್ಷಿಣದ ಏಣನ್ನು ಸುಮಾರು 20,500 ಅಡಿಯ ವರೆಗೆ ಏರಿ ಪರೀಕ್ಷಿಸಿ, ಇಲ್ಲಿಂದ ಶಿಖರವು ಸಾಧ್ಯವೆಂದು ತೀರ್ಮಾನಿಸಿದರು. ಸಾಧ್ಯವೆಂದು ಕಂಡ ಮೇಲೂ ಅವರು ಅಲ್ಲಿಂದ ಮೇಲಕ್ಕೆ ಹೋಗಲಿಲ್ಲವೆಂಬದನ್ನು ತಂದೆತಾಯಿಗಳು ಗಮನಿಸಬೇಕೆಂದು ನಮ್ಮ ಬಯಕೆ. ಅದಕ್ಕೆ ತಕ್ಕ ಜನವೂ ಸಾಮಗ್ರಿಯೂ ಅವರಲ್ಲಿರಲಿಲ್ಲ.

ಎರಡು ವರುಷಗಳ ಬಳಿಕ, 1936ರಲ್ಲಿ, ನಾಲ್ವರು ಆಂಗ್ಲೇಯರೂ ನಾಲ್ವರು ಅಮೆರಿಕದವರೂ ಕೂಡಿ ಅದೇ ದಾರಿಯಿಂದ ಬಂದರು. ಶೆರ್ಪಾಗಳಲ್ಲಿ ಒಬ್ಬನಾದ ಮೇಲೊಬ್ಬನು ಕಾಯಿಲೆ ಬಿದ್ದನು. ಪಾಸಾಂಗ್ ಕಿಕುಲಿಗೆ ಹಿಮದ ಬೆಳಕಿನಿಂದ ಕಣ್ಣು ಕಾಣದಾಯಿತು. ಕಿಟಾರ್ ಎಂಬವನು ಬುಡದ ಶಿಬಿರದಲ್ಲಿ ಅತಿಸಾರದಿಂದ ತೀರಿಕೊಂಡನು. ಶಿಖರವನ್ನು ಮುಟ್ಟಿದವರ ಹೆಸರನ್ನು ಬಾಯಿಪಾಠ ಮಾಡಿಸುವ ನಾವು ಕಿಟಾರನ ಹೆಸರನ್ನು ಈ ಓದಿಗೆ ಮುಂಚೆ ಕೇಳಿಯೇ ಇರಲಿಲ್ಲ. ಹೊರುವವರಿಲ್ಲದ ಮೇಲೆ ದೊರೆಗಳೇ ಹೊರೆ ಹೊತ್ತರು.

ಕೊನೆಯ ಪ್ರಯತ್ನಕ್ಕೆ ಓಡೆಲ್ ಎಂಬ 45 ವರುಷದ ಭೂಗರ್ಭಶಾಸ್ತ್ರಜ್ಞನೂ ಚಾರ್ಲ್ಸ್ ಹೌಸ್ಟನ್ ಎಂಬ ಅಮೆರಿಕದ ತರುಣನೂ ಆಯ್ಕೆಯಾದರು. ಮೇಲಿನ ಗುಡಾರದಲ್ಲಿ ರಾತ್ರಿ ಡಬ್ಬಿಯ ಮಾಂಸವನ್ನುಂಡು ಹೌಸ್ಟನನ ಹೊಟ್ಟೆ ಕೆಟ್ಟಿತು. ಬೆಳಗಾದ ಮೇಲೆ ಓಡೆಲನು ಕೆಳಗಿನವರಿಗೆ, ಚಾರ್ಲಿಗೆ ಕಾಯಿಲೆಯೆಂದು ಕೂಗಿ ಹೇಳಿದನು. ಇಂಗ್ಲಿಷಿನಲ್ಲಿ ಕಾಯಿಲೆಗೆ 'ಇಲ್' ಎನ್ನುವರು. ಗಾಳಿಯಲ್ಲಿ ಅದು 'ಕಿಲ್ಡ್', ಎಂದರೆ ಸತ್ತನು, ಎಂದು ಕೆಳಗಿನವರಿಗೆ ಕೇಳಿಸಿತು. ಹೆಣವನ್ನು ಇಳಿಸುವುದಕ್ಕೆಂದು ಎದೆಯೊಡೆದು ಮೇಲೇರಿ ಬಂದವರು ಅವನು ಜೀವದಿಂದಿರುವುದನ್ನು ಕಂಡಾಗ ಅವರಿಗಾದ ಆನಂದವನ್ನು ಊಹಿಸಬಹುದು. (ಇಂಗ್ಲಿಷ್ ಉಚ್ಚಾರಣೆಯ ಪಾಠದಲ್ಲಿ ನಿದ್ದೆಹೋಗುತ್ತಿದ್ದ ನಮ್ಮ ಕೆಲವು ಹಳೆಯ ವಿದ್ಯಾರ್ಥಿನಿಯರು ಇದನ್ನು ಎರಡು ಸಾರಿ ಓದಲಿ.) ಹೌಸ್ಟನನು ಕೆಳಗಿಳಿದನು, ಅವನ ಸ್ಥಾನದಲ್ಲಿ ಟಿಲ್ಮನನು ನಿಂತನು. ಆಗಸ್ಟ್ 29ರಂದು ಓಡೆಲ್ ಮತ್ತು ಟಿಲ್ಮನ್ ಇಬ್ಬರೂ ಶಿಖರದ ಮೇಲೆ ನಿಂತರು. 1950ರಲ್ಲಿ ಫ್ರೆಂಚರು ಅನ್ನಪೂರ್ಣೆಯನ್ನು ಏರುವ ವರೆಗೆ, ಮನುಷ್ಯರು ತುದಿ ಮುಟ್ಟಿದ ಪರ್ವತಗಳಲ್ಲಿ ಇದೇ ಅತ್ಯುನ್ನತವಾಗಿತ್ತು.

ಅವರು ಆಮ್ಲಜನಕದ ಸಿಲಿಂಡರುಗಳನ್ನು ಬಳಸಲಿಲ್ಲ. ಆ ಎತ್ತರದಲ್ಲಿ ಗಾಳಿಯ ಒತ್ತಡವು ಸಮುದ್ರ ತೀರದಲ್ಲಿರುವುದರ ಐದರಲ್ಲಿ ಎರಡು ಪಾಲಿನಷ್ಟು ಮಾತ್ರ. ನೀರು ಸುಮಾರು 75 ಡಿಗ್ರಿಗೇ ಕುದಿದುಬಿಡುವುದರಿಂದ ಎಷ್ಟು ಹೊತ್ತು ಕುದಿಸಿದರೂ ಬೇಳೆ ಬೇಯದು. ಹತ್ತು ಹೆಜ್ಜೆಗೊಮ್ಮೆ ನಿಂತು ಏದುಸಿರು ಬಿಡಬೇಕು; ಹಸಿವು ಅಡಗುತ್ತದೆ, ನಿದ್ದೆ ಹತ್ತದು, ಬುದ್ಧಿಯು ಮಂಕಾಗುತ್ತದೆ. ವಿವೇಚನೆಯು ಅತ್ಯವಶ್ಯವಾದ ಸ್ಥಳದಲ್ಲಿಯೇ ಅದು ಕುಂದುವುದು. ದೇಹವು ಈ ಕೊರತೆಗೆ ಹೊಂದಿಕೊಳ್ಳಬಲ್ಲದು, ಆದರೆ ದಿನಗಳು ಬೇಕು. ಆದಕಾರಣ ನುರಿತವರು ಏರಿದಷ್ಟೂ ಇಳಿದು ಮಲಗಿ, ಮೆಲ್ಲಮೆಲ್ಲನೆ ಮೇಲಕ್ಕೆ ಹೋಗುತ್ತಾರೆ. ಅವಸರಪಟ್ಟವರ ಶ್ವಾಸಕೋಶದಲ್ಲಿಯೋ ಮಿದುಳಿನಲ್ಲಿಯೋ ನೀರು ತುಂಬಿ ಸಾಯುವುದುಂಟು. ಅದರ ಮೊದಲ ಮದ್ದು ಕೆಳಗಿಳಿಯುವುದೇ.

ಮುಂದಿನ ಕಥೆಯಲ್ಲಿ ಕೆಲವನ್ನು ಬೇಗ ದಾಟುತ್ತೇವೆ. 1939ರಲ್ಲಿ ಪೋಲೆಂಡಿನವರು ಪೂರ್ವ ಶಿಖರವನ್ನು ಏರಿದರು. 1951ರಲ್ಲಿ ಎರಡು ಶಿಖರಗಳ ನಡುವಣ ಏಣಿನ ಮೇಲೆ ನಡೆಯಹೋದ ಇಬ್ಬರು ಫ್ರೆಂಚರು ಮರಳಲೇ ಇಲ್ಲ. 1964ರಲ್ಲಿ ಭಾರತೀಯರ ತಂಡವೊಂದು ಮುಖ್ಯ ಶಿಖರವನ್ನು ಮುಟ್ಟಿತು. ಮರುವರ್ಷ, ಚೀನದವರ ಅಣ್ವಸ್ತ್ರ ಪರೀಕ್ಷೆಗಳ ಮೇಲೆ ಕಣ್ಣಿಡುವುದಕ್ಕಾಗಿ, ಅಮೆರಿಕವೂ ಭಾರತವೂ ಗುಟ್ಟಿನಲ್ಲಿ ಕೂಡಿ ಪ್ಲುಟೋನಿಯಮ್ಮಿನಿಂದ ನಡೆಯುವ ಯಂತ್ರವೊಂದನ್ನು ಅಲ್ಲಿಗೆ ಹೊರಿಸಿದವು. ಹವೆಯು ಕೆಟ್ಟು ಅದನ್ನು ಮೇಲೆಯೇ ಕಟ್ಟಿ ಬಿಟ್ಟು ಬಂದರು. 1966ರಲ್ಲಿ ಹೋಗಿ ನೋಡಿದರೆ ಅದು ಕಾಣೆಯಾಗಿತ್ತು. 1978ರಲ್ಲಿ ಪ್ರಧಾನಮಂತ್ರಿ ಮುರಾರ್ಜಿ ದೇಸಾಯಿಯವರು ಈ ಸಂಗತಿಯನ್ನು ಲೋಕಸಭೆಯಲ್ಲಿ ಒಪ್ಪಿಕೊಂಡರು.

ತಂದೆಯಾದವರು ಓದಲು ಕಷ್ಟಪಡುವ ಭಾಗವಿದು. ವಿಲ್ಲಿ ಅನ್‌ಸೋಲ್ಡ್ ಎಂಬ ಅಮೆರಿಕದ ಅಧ್ಯಾಪಕರು ತಾರುಣ್ಯದಲ್ಲಿ ಈ ಪರ್ವತವನ್ನು ದೂರದಿಂದ ಕಂಡು, ತನಗೆ ಮಗಳು ಹುಟ್ಟಿದರೆ ಇದರ ಹೆಸರನ್ನೇ ಇಡುವೆನೆಂದು ನಿಶ್ಚಯಿಸಿದರು. ಹಾಗೆಯೇ ಇಟ್ಟರು. 1976ರಲ್ಲಿ ತಂದೆಯೂ ನಂದಾದೇವಿ ಎಂಬ ಆ ಮಗಳೂ ಒಂದೇ ತಂಡದಲ್ಲಿ ಅಲ್ಲಿಗೆ ಬಂದರು. ಸುಮಾರು 24,000 ಅಡಿ ಎತ್ತರದ ಶಿಬಿರದಲ್ಲಿ ಅವಳು ಹೊಟ್ಟೆಯ ಬೇನೆಯಿಂದ ನರಳಿ, ಸೆಪ್ಟೆಂಬರ್ 8ರಂದು ಅಲ್ಲಿಯೇ ಪ್ರಾಣಬಿಟ್ಟಳು. ವಯಸ್ಸು 22. ತಂದೆಯು ಅವಳ ದೇಹವನ್ನು ಆ ಹಿಮಕ್ಕೇ ಒಪ್ಪಿಸಿ ಇಳಿದರು. ಅವಳು ಹೆಚ್ಚು ದಿನ ಮೇಲೆಯೇ ಉಳಿದಳೆಂದು ಕೆಲವರು ಆಕ್ಷೇಪಿಸುವರು. ಆ ಪುಟವನ್ನು ಓದಿದ ರಾತ್ರಿ ಬೇಡವೆಂದು ಬರೆಯುವುದಕ್ಕೇ ಕುಳಿತಿದ್ದೆವು. ಬರೆಯಲು ಕೈ ಓಡಲಿಲ್ಲ.

ಮರುದಿನ ಓದಿದ್ದು 1981ರ ಸಂಗತಿ. ಕರ್ನಲ್ ಬಲವಂತ ಸಂಧು ಎಂಬವರ ಮುಂದಾಳುತನದಲ್ಲಿ ಸ್ತ್ರೀಪುರುಷರಿಬ್ಬರೂ ಇದ್ದ ಭಾರತೀಯ ತಂಡವೊಂದು ಹೋಗಿ, ಅದರಲ್ಲಿ ರೇಖಾ ಶರ್ಮಾ, ಹರ್ಷವಂತಿ ಬಿಷ್ಟ್, ಚಂದ್ರಪ್ರಭಾ ಐತ್ವಾಲ್ ಎಂಬ ಮೂವರು ಹೆಂಗಸರು ದೋರ್ಜಿ ಲಾಟೂ ಮೊದಲಾದ ಸಂಗಡಿಗರೊಂದಿಗೆ ಹಗ್ಗ ಕಟ್ಟಿಕೊಂಡು ಮುಖ್ಯ ಶಿಖರವನ್ನು ಮುಟ್ಟಿದರು. ಮೂವರಿಗೂ ಅರ್ಜುನ ಪ್ರಶಸ್ತಿ ಬಂದಿತು. ಐತ್ವಾಲರು 1941ರಲ್ಲಿ ಹುಟ್ಟಿದವರು, ಪರ್ವತಕ್ಕೆ ಬರುವ ಮೊದಲು ಶಾಲೆಯಲ್ಲಿ ಕಲಿಸುತ್ತಿದ್ದವರು. ನಂದಾದೇವಿಯನ್ನು ಏರಿದಾಗ ನಾಲ್ವತ್ತರ ಹೊಸ್ತಿಲಲ್ಲಿದ್ದರು. ನಮ್ಮ ಮಹಡಿಯ ಮೆಟ್ಟಿಲುಗಳ ಬಗ್ಗೆ ನಾವು ಆಗಾಗ ಗೊಣಗುವುದನ್ನು ಇನ್ನು ಕಡಿಮೆ ಮಾಡಬೇಕಾದೀತು. ಬಿಷ್ಟರು ಅರ್ಥಶಾಸ್ತ್ರದ ಪ್ರಾಧ್ಯಾಪಕಿಯಾಗಿ, ಗಂಗೋತ್ರಿಯ ಬಳಿ ಬರಿದಾದ ಇಳಿಜಾರಿನಲ್ಲಿ ಭೂರ್ಜವೃಕ್ಷದ ಸಸಿಗಳನ್ನು ನೆಟ್ಟು ಬೆಳೆಸಿದರು; 2021ರಲ್ಲಿ ಭಾರತೀಯ ಪರ್ವತಾರೋಹಣ ಪ್ರತಿಷ್ಠಾನಕ್ಕೆ ಪ್ರಥಮ ಮಹಿಳಾ ಅಧ್ಯಕ್ಷರಾಗಿ ಆಯ್ಕೆಯಾದರು.

ಅವರು ಏರಿದ ಮಾರನೆಯ ವರುಷವೇ, ಎಂದರೆ 1982ರಲ್ಲಿ, ಆ ಒಳನಾಡು ರಾಷ್ಟ್ರೀಯ ಉದ್ಯಾನವೆಂದು ಘೋಷಿಸಲ್ಪಟ್ಟಿತು. ಬಳಿಕ ಆರೋಹಿಗಳಿಗೂ ಕುರಿ ಮೇಯಿಸುವವರಿಗೂ ಮುಚ್ಚಲ್ಪಟ್ಟಿತು. ಒಂದು ಕಾಲದಲ್ಲಿ ಐವರು ಕಷ್ಟಪಟ್ಟು ಹೊಕ್ಕ ಕಂದರದಲ್ಲಿ ತಂಡದ ಹಿಂದೆ ತಂಡ ಬಂದು, ಒಲೆಗೆ ಗಿಡಗಳನ್ನು ಕಡಿದು, ಡಬ್ಬಿಗಳ ರಾಶಿಯನ್ನು ಬಿಟ್ಟುಹೋಗಿತ್ತು. ಕಸ್ತೂರಿ ಮೃಗದ ಬೇಟೆಯೂ ನಡೆದಿತ್ತು. 1993ರಲ್ಲಿ ಸೈನ್ಯದ ತಂಡವೊಂದು ಒಳಗೆ ಹೋಗಿ ಆ ಕಸವನ್ನು ಹೊತ್ತು ತಂದಿತು. ಮುಚ್ಚಿದ್ದು ಸರಿಯೆಂದೇ ನಮ್ಮ ಅಭಿಪ್ರಾಯ. ಆದರೆ ಅದರ ಬೆಲೆಯನ್ನು ತೆತ್ತವರು ಕಸ ಹಾಕಿದವರಲ್ಲ; ಲಾತಾ ಮೊದಲಾದ ಹಳ್ಳಿಗಳವರು ಹೊರೆಯ ಕೂಲಿಯನ್ನೂ ಹುಲ್ಲುಗಾವಲನ್ನೂ ಒಟ್ಟಿಗೇ ಕಳೆದುಕೊಂಡರು.

ಋಷಿಗಂಗೆಯು ಧೌಳಿಗಂಗೆಯನ್ನು ಕೂಡುವಲ್ಲಿ ರೈನಿ ಎಂಬ ಹಳ್ಳಿಯುಂಟು. 1974ರ ಮಾರ್ಚಿಯಲ್ಲಿ ಗಂಡಸರು ಊರಲ್ಲಿಲ್ಲದಾಗ ಮರ ಕಡಿಯುವವರು ಬರಲು, ಗೌರಾದೇವಿ ಎಂಬ ವಿಧವೆಯು ಊರ ಹೆಂಗಸರನ್ನೂ ಹುಡುಗಿಯರನ್ನೂ ಕರೆದುಕೊಂಡು ಕಾಡಿಗೆ ಹೋಗಿ ಅವರನ್ನು ತಡೆದಳು. ಪರೀಕ್ಷೆಗೆ 'ಚಿಪ್ಕೋ' ಎಂದು ನಮ್ಮ ಮಕ್ಕಳು ಬರೆಯುವುದು ಈ ಊರಿನ ಕಥೆಯನ್ನೇ. 2021ರ ಫೆಬ್ರುವರಿ 7ರಂದು ಕೋಟೆಯ ಗೋಡೆಯ ಸಮೀಪದ ರೌಂಠಿ ಶಿಖರದ ಪಾರ್ಶ್ವದಿಂದ ಸುಮಾರು 2.7 ಕೋಟಿ ಘನ ಮೀಟರು ಬಂಡೆಯೂ ಹಿಮವೂ ಕಳಚಿ ಬಿದ್ದು, ಕೆಸರಿನ ಪ್ರವಾಹವಾಗಿ ಅದೇ ಕಂದರದ ಬಾಯಿಂದ ರೈನಿಯ ಮೇಲೆ ಹಾಯಿತು. ವಿದ್ಯುತ್ತಿನ ಕಟ್ಟೋಣಗಳಲ್ಲಿ ದುಡಿಯುತ್ತಿದ್ದವರು ಸೇರಿ 200ಕ್ಕೂ ಹೆಚ್ಚು ಮಂದಿ ಸತ್ತರು ಅಥವಾ ಕಾಣೆಯಾದರು. ಅವರಲ್ಲಿ ಯಾರೂ ಪರ್ವತವನ್ನೇರಲು ಹೋದವರಲ್ಲ.

ಎಂಟು ದಿನಗಳಾದ ಮೇಲೆ ತಂದೆಯವರು ಬಂದರು, ಮಗಳನ್ನೂ ಕರೆತಂದಿದ್ದರು. ಹುಡುಗಿಯನ್ನು ನಾವು ಕೇಳಿದ ಪ್ರಶ್ನೆಗಳು ಇವು: ನಿನಗೆ ತಲೆನೋವು ಬಂದರೆ ಕಲಿಸುವವರಿಗೆ ಹೇಳುವೆಯೋ, ನಾಚಿಕೆಯಿಂದ ಮುಚ್ಚಿಡುವೆಯೋ? ಉಳಿದವರೆಲ್ಲ ಮೇಲೆ ಹೋಗುವಾಗ ನೀನೊಬ್ಬಳೇ ಇಳಿಯಬೇಕಾದರೆ ಇಳಿಯುವೆಯಾ? ನಿನ್ನ ಹೊರೆಯನ್ನು ನೀನೇ ಹೊರುವೆಯಾ? ಎರಡನೆಯ ಪ್ರಶ್ನೆಗೆ ಅವಳು ತುಸು ಹೊತ್ತು ಸುಮ್ಮನಿದ್ದು, "ಅಳು ಬಂದೀತು, ಅಮ್ಮನವರೇ, ಆದರೆ ಇಳಿಯುತ್ತೇನೆ" ಎಂದಳು. ಆ ಮಾತನ್ನು ಕೇಳಿದ ಮೇಲೆಯೇ ಪತ್ರವನ್ನು ಬರೆದು ಸಹಿ ಹಾಕಿದೆವು. ತಂದೆಯವರು ಅದನ್ನು ಓದದೆ ಮಡಚಿ ಜೇಬಿಗಿಟ್ಟುಕೊಂಡು, ಅಲ್ಲಿ ಚಳಿ ಎಷ್ಟಿರುವುದೆಂದು ಕೇಳಿದರು. ನಮ್ಮ ಹೊಲಿಗೆಯ ಉಪಾಧ್ಯಾಯಿನಿಯವರು ಈಗ ಅವಳಿಗಾಗಿ ಎರಡು ಜೊತೆ ಉಣ್ಣೆಯ ಕೈಚೀಲಗಳನ್ನು ಹೆಣೆಯುತ್ತಿದ್ದಾರೆ. ಒಂದು ಜೊತೆಯು ಒದ್ದೆಯಾದರೆ ಇನ್ನೊಂದು ಬೇಕಾಗುತ್ತದೆಂದು ಅರ್ಜಿಯ ಹಿಂದಿನ ಪುಟದಲ್ಲಿಯೇ ಅಚ್ಚಾಗಿದೆ.